ಎಷ್ಟು ಖರೇ?

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ತರಗತಿಗೆ ವಿಪತ್ತು ನಿರ್ವಹಣೆಯ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ. ಹೊಳೆದಂಡೆಯ ಒಂದು ವಸ್ತಿ. ನೀರು ಬರಬಹುದು, ಬರದೆಯೂ ಇರಬಹುದು. ಜನ ಮನೆ ಬಿಡಲು ಒಪ್ಪುತ್ತಿಲ್ಲ. ಇದ್ದದ್ದಕ್ಕಿಂತ ತುಸು ಹೆಚ್ಚು ಹೆದರಿಸಿದರೆ ಹೊರಡುತ್ತಾರೆ. ಹೆದರಿಸುತ್ತೀರಾ?

ಹೆಚ್ಚಿನವರು ಕೈ ಎತ್ತುತ್ತಾರೆ. ಜೀವ ಉಳಿದರೆ ಸಾಕಲ್ಲ ಸರ್ ಎನ್ನುತ್ತಾರೆ. ಒಮ್ಮೆ ಅಥಣಿ ಕಡೆಯ ಹುಡುಗನೊಬ್ಬ ಕೈ ಎತ್ತದೆ, "ನೀವು ಹೆದರಿಸೀರೇನ್ರಿ ಸರ್?" ಎಂದು ತಿರುಗಿ ಕೇಳಿದ. ಹೆದರಿಸಿದ್ದೆ. ಹೌದು ಎಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಅದು ಅರ್ಧ ಉತ್ತರವಾಗಿತ್ತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊಳೆಯ ವಿಷಯ ಹೇಳಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಹೊಳೆ ಬರುವುದಕ್ಕೆ ನಮ್ಮೂರಲ್ಲಿ ಮಳೆ ಆಗಬೇಕಿಲ್ಲ. ಮೇಲೆ ಸಹ್ಯಾದ್ರಿಯಲ್ಲಿ, ಮಹಾಬಳೇಶ್ವರ, ಕೊಯ್ನಾ ಕಡೆ ಬಿದ್ದರೆ ಆಯಿತು. ಇಲ್ಲಿ ಬಿಸಿಲು ಬಿದ್ದಿರುವಾಗಲೇ ಹೊಳೆ ಏರುತ್ತಿರುತ್ತದೆ. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಸಾಂಗ್ಲಿ ದಾಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜ್ ಇಳಿದು ನಮ್ಮ ಕಡೆ ಬರುತ್ತಾಳೆ. ಇತ್ತ ವೇದಗಂಗೆಯ ನೀರನ್ನೂ ಹೊತ್ತ ದೂಧಗಂಗೆ ಸದಲಗಾ ಹಾದು ಕಲ್ಲೋಳದ ಹತ್ತಿರ ಕೃಷ್ಣೆಗೆ ಕೂಡುತ್ತಾಳೆ. ಮಳೆಗಾಲದ ಪತ್ರಿಕೆಗಳಲ್ಲಿ ದಿನಾ ಬರುವ ಲೆಕ್ಕ ಇದೇ: ರಾಜಾಪುರದಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳದಲ್ಲಿ ಒಟ್ಟು ಇಷ್ಟು. ಅದರ ಕೆಳಗೆ ಮುಳುಗಿದ ಸೇತುವೆಗಳ ಪಟ್ಟಿ: ಕಲ್ಲೋಳ–ಯಡೂರ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಮಲಿಕವಾಡ–ದತ್ತವಾಡ. ಶಾಲೆಯ ಹಾಜರಿ ಕೂಗಿದ ಹಾಗೆ ವರ್ಷ ವರ್ಷವೂ ಅವೇ ಹೆಸರು. (ಸಾಂಗ್ಲಿಯವರು ತಮ್ಮ ನೆರೆಗೆ ಆಲಮಟ್ಟಿಯನ್ನು ಬೈಯುತ್ತಾರೆ, ನಾವು ಕೊಯ್ನಾವನ್ನು ಬೈಯುತ್ತೇವೆ. ಆ ಜಗಳ ಇಲ್ಲಿ ಬೇಡ.)

ಮೇಲೆ ಬಿಟ್ಟ ನೀರು ಇಲ್ಲಿಗೆ ಮುಟ್ಟಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಈ ಲೇಖನಕ್ಕೆ ಮುಖ್ಯವಾದ ಸಂಗತಿ ಇದು. ಭೂಕಂಪ ಕೇಳಿ ಬರುವುದಿಲ್ಲ. ಮಡಿಕೇರಿಯ ಗುಡ್ಡ ಕುಸಿದದ್ದೂ ಕೇಳಿ ಅಲ್ಲ. ಕೃಷ್ಣೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ, ಕಬ್ಬಿನ ಸಾಲು ಸಾಲಾಗಿ ಬರುತ್ತಾಳೆ. ಜನ ಸಂಜೆ ಒಂದು ಕೋಲು ನೆಟ್ಟು ಮಲಗಿ, ಬೆಳಗ್ಗೆ ಎದ್ದು ನೋಡುತ್ತಾರೆ.

ನಮ್ಮ ಪಠ್ಯ ಇಂಥ ಹೊಳೆಯನ್ನು ನೋಡಿ ಬರೆದದ್ದಲ್ಲ. ಅದನ್ನು ಹಗುರಾಗಿ ಮಾತಾಡುವ ಉದ್ದೇಶ ನನಗಿಲ್ಲ. ನಿರಾಶ್ರಿತರ ಕೇಂದ್ರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಮಲಗಲು ತಲಾ ಮೂರೂವರೆ ಚದರ ಮೀಟರ್ ಜಾಗ ಎಂಬ ಸ್ಫಿಯರ್ ಮಾನದಂಡಗಳನ್ನು ಬಾಯಿಪಾಠ ಮಾಡಿಸುತ್ತೇನೆ. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ, ಒಂದು ಗಂಟೆ ಕಾದು, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡುವುದನ್ನು ಕೈಯಾರೆ ಮಾಡಿಸುತ್ತೇನೆ. ನೆರೆ ಇಳಿದ ಮೇಲೆ ವಾಂತಿಭೇದಿಯಿಂದ ಮಕ್ಕಳು ಸಾಯದಂತೆ ಉಳಿಸುವುದು ಇಂಥ ಸಣ್ಣ ಲೆಕ್ಕಗಳೇ. ನಿಮ್ಹಾನ್ಸ್‌ನಲ್ಲಿ ವಿಪತ್ತಿಗೆ ಸಿಕ್ಕವರ ಮನಸ್ಸಿನ ಆರೈಕೆಗೆಂದೇ ಒಂದು ವಿಭಾಗವಿದೆ, ಅಲ್ಲಿಯ ಕೈಪಿಡಿಗಳನ್ನೂ ಓದಿಸುತ್ತೇವೆ. ಆದರೆ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಸಮುದಾಯ ವೈದ್ಯಶಾಸ್ತ್ರದ ಕೆಳಗೆ ವಿಪತ್ತು ನಿರ್ವಹಣೆಗೆ ಇದ್ದದ್ದು ನಾಲ್ಕು ಅಂಶ, ನಾಲ್ಕರಲ್ಲೂ ವಿದ್ಯಾರ್ಥಿ ಮಾಡಬೇಕಾದ ಕೆಲಸ ಒಂದೇ: ವಿವರಿಸುವುದು. ಪರಿಕಲ್ಪನೆಯನ್ನು ವಿವರಿಸು, ಚಕ್ರವನ್ನು ವಿವರಿಸು, ಮಾನವನಿರ್ಮಿತ ವಿಪತ್ತುಗಳನ್ನು ವಿವರಿಸು, ರಾಷ್ಟ್ರೀಯ ಪ್ರಾಧಿಕಾರವನ್ನು ವಿವರಿಸು. ಅದನ್ನು ಮುಗಿಸಿ ಎಂ.ಪಿ.ಎಚ್.ಗೋ ಎಂ.ಡಿ.ಗೋ ಬರುವ ಹುಡುಗರ ಬಳಿ ಅಚ್ಚುಕಟ್ಟಾದ ವಿವರಣೆಗಳಿರುತ್ತವೆ. ಎದುರಿಗೆ ನಿಂತು "ನಾ ಬರಂಗಿಲ್ಲ" ಅನ್ನುವ ಮನುಷ್ಯನಿಗೆ ಏನು ಹೇಳಬೇಕೆಂಬುದು ಮಾತ್ರ ಯಾವ ಅಧ್ಯಾಯದಲ್ಲೂ ಸಿಗುವುದಿಲ್ಲ.

ನನಗೂ ಸಿಕ್ಕಿರಲಿಲ್ಲ. 2019ರ ಆಗಸ್ಟ್‌ನಲ್ಲಿ ನಾನು ಓದು ಮುಗಿಸಿ ಎರಡು ವರ್ಷವಾಗಿತ್ತು. ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಊರೊಂದಕ್ಕೆ ವೈದ್ಯಕೀಯ ತಂಡದ ಜೊತೆ ಹೋಗಿದ್ದೆ. ಊರಿನ ತಗ್ಗು ಭಾಗ ಆಗಲೇ ಖಾಲಿಯಾಗಿತ್ತು. ಊರಾಚೆ ತುಸು ಎತ್ತರದಲ್ಲಿ ಒಂದು ತೋಟದ ವಸ್ತಿ ಇತ್ತು, ಹೊಲದಲ್ಲೇ ಕಟ್ಟಿಕೊಂಡ ಹತ್ತು ಹನ್ನೆರಡು ಮನೆ, ಅರವತ್ತು ಚಿಲ್ಲರೆ ಜನ. ಅವರು ಕದಲಿರಲಿಲ್ಲ. "2005ರಾಗೂ ಇಲ್ಲಿ ನೀರ ಬಂದಿಲ್ರಿ" ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು.

ಆಗಸ್ಟ್ 8ರ ಸಂಜೆ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದ ಸುದ್ದಿ ಬಂತು. ನೆರೆಯಿಂದ ಪಾರಾಗಲು ಜನ ಕಿಕ್ಕಿರಿದು ಹತ್ತಿದ್ದ ದೋಣಿ ಮಗುಚಿತ್ತು. ಒಂದು ಡಜನ್‌ಗೂ ಹೆಚ್ಚು ಹೆಣ. ತಡವಾಗಿ ಹೊರಟವರ ಗತಿ ಏನಾಗುತ್ತದೆಂದು ಮೊಬೈಲಿನಲ್ಲಿ ನೋಡಿದ ನಾನು ಅದೇ ಹೆದರಿಕೆಯಲ್ಲಿ ವಸ್ತಿಗೆ ಹೋದೆ. ಅಲ್ಲಿಗೆ ಹೋಗುವ ಮೊದಲು ತಲಾಠಿ ಸಾಹೇಬರು ನನಗೆ ಹೇಳಿದ್ದು ಸ್ಪಷ್ಟವಾಗಿತ್ತು: ವಸ್ತಿಗೆ ನೀರು ಬರಲು ಇನ್ನೂ ಒಂದೆರಡು ದಿನವಾದರೂ ಬೇಕು, ಬರದೆಯೂ ಇರಬಹುದು, ಆದರೆ ದಾರಿಯ ತಗ್ಗು ನಾಳೆ ಮುಂಜಾನೆಯೊಳಗೆ ಮುಚ್ಚಬಹುದು, ಮುಚ್ಚಿದರೆ ವಸ್ತಿ ನಡುಗಡ್ಡೆ.

ನಾನು ಅದನ್ನು ಹೇಳಲಿಲ್ಲ. ಹೇಳಲು ಹೋದರೆ ಯಾವ ತಗ್ಗು, ಎಷ್ಟು ಫೂಟು, ಯಾರು ಅಂದರು ಎಂದು ರಾತ್ರಿಯೆಲ್ಲ ಚರ್ಚೆ ಆಗುತ್ತದೆ ಅನ್ನಿಸಿತು. ಕಟ್ಟೆಯ ಮೇಲೆ ಕೂತ ಹಿರಿಯರಿಗೆ, "ಕೊಯ್ನಾದ ಗೇಟ್ ತಗದಾರ ಕಾಕಾ. ಮುಂಜಾನಿ ಅನ್ನೂದ್ರಾಗ ಈ ಕಟ್ಟಿ ಮುಳಗತೈತಿ. ಅರ್ಧ ತಾಸಿನ್ಯಾಗ ಎಲ್ಲಾರೂ ಟ್ರ್ಯಾಕ್ಟರ್ ಹತ್ರಿ" ಎಂದೆ. ಗೇಟು ತೆಗೆದದ್ದು ಖರೇ. ಉಳಿದದ್ದು ನನ್ನ ಕಟ್ಟು. "ಅಶ್ವತ್ಥಾಮ" ಎಂದು ಗಟ್ಟಿಯಾಗಿ ಹೇಳಿ ಆನೆಯನ್ನು ಮೆಲ್ಲಗೆ ಸೇರಿಸಿದ ಧರ್ಮರಾಯನ ಕಥೆ ಗೊತ್ತಿದ್ದವನೇ ನಾನು. ಆ ಹೊತ್ತಿಗೆ ನೆನಪಾಗಲಿಲ್ಲ.

ಅವರು ಹತ್ತಿದರು. ಹೆಂಗಸರು, ಹುಡುಗರು, ಕೋಳಿಬುಟ್ಟಿ, ಒಂದು ಟಿ.ವಿ. ದನಗಳಿಗೆ ಮೇವು ಹಾಕಿ, ಕಟ್ಟಿದ್ದು ಕಟ್ಟಿದಂತೆ ಬಿಟ್ಟು ಬಂದರು, ನಸುಕಿನಲ್ಲಿ ಬಂದು ಒಯ್ದರಾಯಿತೆಂದು. ಮುಂಜಾನೆ ಕಟ್ಟೆ ಮುಳುಗಲಿಲ್ಲ. ದಾರಿಯ ತಗ್ಗು ಮುಚ್ಚಿತು. ದನಗಳು ಆ ಕಡೆ, ಯಜಮಾನರು ಈ ಕಡೆ. 10ರ ಸಂಜೆ ವಸ್ತಿಗೂ ನೀರು ಬಂತು. ಆ ಕಾಕಾನದು ಎರಡು ಎಮ್ಮೆ, ಒಂದು ಆಕಳು, ಒಂದು ಕರು. ಹಗ್ಗ ಹರಿದುಕೊಂಡು ತಿಪ್ಪೆಗುಡ್ಡೆ ಏರಿದ ಒಂದು ಎಮ್ಮೆ ಉಳಿಯಿತು. ನಮ್ಮ ವರದಿಯಲ್ಲಿ ಆ ವಸ್ತಿಯ ಎದುರು "ಜೀವಹಾನಿ: ಇಲ್ಲ" ಎಂದು ಬರೆದವನೂ ನಾನೇ.

ಶಾಲೆಯಲ್ಲಿ ತೆರೆದಿದ್ದ ಕೇಂದ್ರಕ್ಕೆ (ಜನ ಗಂಜಿ ಕೇಂದ್ರ ಅನ್ನುತ್ತಾರೆ, ಸರ್ಕಾರಿ ಕಾಗದದಲ್ಲಿ ಈಗ ಕಾಳಜಿ ಕೇಂದ್ರ) ಮರುದಿನ ಹೋದಾಗ ಅರ್ಧ ತಾಸಿನ ಬೆಲೆ ಗೊತ್ತಾಗತೊಡಗಿತು. ಬಿ.ಪಿ. ಗುಳಿಗೆ ತಂದವರು ಇಬ್ಬರು, ಮರೆತವರು ಏಳೆಂಟು ಜನ. ಒಬ್ಬರ ಕ್ಷಯದ ಗುಳಿಗೆಯ ಪಟ್ಟಿ ಗೂಡಿನಲ್ಲೇ ಉಳಿದಿತ್ತು. ಇನ್ಸುಲಿನ್ ತಂದ ಅಜ್ಜಿಗೆ ಸಿರಿಂಜ್ ಇರಲಿಲ್ಲ. ಸಾಲು ಮುಗಿಯುವವರೆಗೂ ಗೋಡೆಗೆ ಒರಗಿ ನಿಂತಿದ್ದ ಹೆಣ್ಣುಮಗಳೊಬ್ಬಳು ಕೊನೆಗೆ ಬಂದು, ಬೇರೆ ಯಾರೂ ಕೇಳದ ಹಾಗೆ, ತನ್ನ ಗುಳಿಗೆ ಜೋಳದ ಡಬ್ಬಿಯೊಳಗೆ ಉಳಿದವು ಎಂದಳು. ಯಾವ ಗುಳಿಗೆ ಎಂದು ಕೇಳಬೇಕಾಗಲಿಲ್ಲ. ಒಂದು ಹೊತ್ತೂ ತಪ್ಪಿಸಬಾರದ ಗುಳಿಗೆ, ಮನೆಯವರ ಕಣ್ಣಿಗೂ ಬೀಳಬಾರದೆಂದು ಕಾಳಿನಲ್ಲಿ ಹುಗಿದಿಟ್ಟದ್ದು. ಎಲ್ಲರೂ ಒಮ್ಮೆಲೇ ಗಂಟು ಕಟ್ಟುತ್ತಿದ್ದ ಆ ಅರ್ಧ ತಾಸಿನಲ್ಲಿ ಅವಳು ಡಬ್ಬಿಗೆ ಕೈ ಹಾಕುವಂತಿರಲಿಲ್ಲ. ಒಬ್ಬರ ಎಚ್.ಐ.ವಿ. ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡವಬಾರದೆಂದು 2017ರ ಕಾಯ್ದೆ ಹೇಳುತ್ತದೆ. ನಾನು ಹೊರಗೆಡವಲಿಲ್ಲ. ಬಚ್ಚಿಟ್ಟದ್ದನ್ನು ತಾನೇ ತೆಗೆದುಕೊಳ್ಳುವ ಹೊತ್ತನ್ನು ಮಾತ್ರ ಅವಳಿಂದ ಕಸಿದಿದ್ದೆ. ಗುಳಿಗೆ ತರಿಸಲು ನಮಗೆ ಎರಡು ದಿನ ಹಿಡಿಯಿತು.

ಎರಡು ವರ್ಷ ಕಳೆದು, 2021ರ ಜುಲೈ. ಮಹಾಬಳೇಶ್ವರದಲ್ಲಿ 24 ಗಂಟೆಯಲ್ಲಿ 590 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿ ಬಂದಾಯಿತು. ನಾನು ಮತ್ತೆ ಅದೇ ವಸ್ತಿಗೆ ಹೋದೆ. ಅದೇ ಕಟ್ಟೆ, ಅದೇ ಕಾಕಾ. ನನ್ನ ಮಾತು ಪೂರ್ತಿ ಕೇಳಿ, ಎಲೆ ಅಡಿಕೆ ಉಗಿದು ಬಂದು ಕೂತು, ಸಿಟ್ಟಿಲ್ಲದೆ ಕೇಳಿದರು:

"ಡಾಕ್ಟರ್ರ, ಈಗ ಹೇಳಿದ್ರೆಲ್ಲಾ, ಅದ್ರಾಗ ಎಷ್ಟು ಖರೇ?"

ನನಗೆ ಮಾತು ಬರಲಿಲ್ಲ. ಅವರೇ ಹೇಳಿದರು. ಅವರ ಮಗಳನ್ನು ಕೊಟ್ಟದ್ದು ಶಿರೋಳ ತಾಲ್ಲೂಕಿಗೆ. ನಮ್ಮ ಗಡಿಯ ಊರುಗಳಲ್ಲಿ ರಾಜ್ಯ ಬೇರೆ, ಬೀಗರು ಅದೇ. ಹೊಳೆ ಮೊದಲು ಮಗಳ ಊರಿಗೆ ಬರುತ್ತದೆ, ಆಮೇಲೆ ಅಪ್ಪನ ಊರಿಗೆ. ಆ ರಾತ್ರಿ ಶಾಲೆಯಲ್ಲಿ ಮಲಗಿದ್ದಾಗ ಮಗಳು ಫೋನ್ ಮಾಡಿದ್ದಳು. "ನಮ್ಮಲ್ಲೇ ಸಾವಕಾಶ ಏರಾಕತ್ತೈತಿ, ನಿಮ್ಮ ವಸ್ತಿಗೆ ನಾಳೀಗೂ ಬರೂದಿಲ್ಲಪ್ಪಾ ಅಂದ್ಲು. ಅವತ್ತ ರಾತ್ರೀನ ಗೊತ್ತಾತ್ರಿ ನೀವು ಸುಳ್ಳ ಹೇಳೀರಿ ಅಂತ."

"ಮತ್ತ ಯಾರ ಮುಂದೂ ಹೇಳಲಿಲ್ಲ ಯಾಕ ಕಾಕಾ?"

"ಹೇಳಿದ್ರ ಎಲ್ಲಾರೂ ರಾತ್ರೀನ ತಿರಗಿ ಹೋಗತಿದ್ರು. ನಾ ಒಬ್ಬ ಎದ್ರೂ ಬೆನ್ನ ಹತ್ತತಿದ್ರು. ಹುಡುಗ್ರು ಮಲಗಿದ್ವು. ಮುಂಜಾನಿ ಹ್ವಾದ್ರಾತು ಅಂತ ಸುಮ್ನಾದೆ." ಸ್ವಲ್ಪ ಹೊತ್ತು ಬಿಟ್ಟು, "ದಾರಿ ಮುಚ್ಚತೈತಿ ಅಂದಿದ್ರ ರಾತ್ರೀನ ದನಾ ಹೊಡಕೊಂಡ ಬರ್ತಿದ್ದೆ. ಅಷ್ಟ" ಎಂದರು.

ನಾನು ಹೇಳಿದ ಸುಳ್ಳನ್ನು ಆ ರಾತ್ರಿಯೆಲ್ಲ ಕಾಯ್ದವರು ಅವರು. ನನಗೆ ತರಬೇತಿ ಇತ್ತು, ಅವರಿಗೆ ಇರಲಿಲ್ಲ. ಆದರೂ ಅರವತ್ತು ಜನ ಬೆಳಗಿನವರೆಗೆ ಅಲ್ಲೇ ಉಳಿದದ್ದು ನನ್ನ ಮಾತಿನಿಂದಲೋ ಅವರ ಮೌನದಿಂದಲೋ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಜೀವ ಉಳಿಸಲು ಸುಳ್ಳು ಹೇಳಬಹುದೇ ಎಂಬುದು ಹಳೆಯ ಪ್ರಶ್ನೆ. ಕಾಂಟ್ 1797ರ ಪ್ರಬಂಧದಲ್ಲಿ, ಬಾಗಿಲಿಗೆ ಬಂದ ಕೊಲೆಗಾರನಿಗೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದ. ವಿದ್ಯಾರ್ಥಿಗಳು ಕೇಳಿ ನಗುತ್ತಾರೆ, ಕಾಂಟ್‌ಗೆ ಹೊಳೆ ಗೊತ್ತಿರಲಿಲ್ಲ ಅನ್ನುತ್ತಾರೆ. ಇರಲಿ. ಆದರೆ ಆ ಉದಾಹರಣೆಗೂ ನನ್ನದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಸುಳ್ಳು ಕೇಳಿಸಿಕೊಳ್ಳುವವನು ಕೊಲೆಗಾರ, ಉಳಿಯುವವನು ಬೇರೆ. ಇಲ್ಲಿ ಯಾರನ್ನು ಉಳಿಸಬೇಕೋ ಅವನಿಗೇ ಸುಳ್ಳು ಹೇಳುತ್ತೇವೆ. ಅವನ ಬದುಕಿನ ಬಗ್ಗೆ ಅವನೇ ತೀರ್ಮಾನಿಸಬೇಕಾದ ಹೊತ್ತಿನಲ್ಲಿ, ತೀರ್ಮಾನಕ್ಕೆ ಬೇಕಾದ ಸಾಮಾನನ್ನು ಬಚ್ಚಿಡುತ್ತೇವೆ. ಭೂಕಂಪದ ಊರಲ್ಲಾದರೆ ಬಚ್ಚಿಡಲು ಏನೂ ಇರುವುದಿಲ್ಲ. ಕೃಷ್ಣೆ ನಮ್ಮ ಜನಕ್ಕೆ ಕೊಡುವ ಒಂದೇ ಸವಲತ್ತು ಸಮಯ, ನಾನು ಅದನ್ನೇ ಕದ್ದೆ. ದನ, ಗುಳಿಗೆ, ಜಮೀನಿನ ಕಾಗದ ಎಲ್ಲ ಆ ಸಮಯದಲ್ಲಿದ್ದವು.

ತೆರವು ಮಾಡಿಸುವುದಕ್ಕೆ ಖರ್ಚಿಲ್ಲ, ತಪ್ಪಾದರೆ ಜನ ವಾಪಸ್ ಬರುತ್ತಾರೆ ಅಷ್ಟೇ, ಎಂದು ನಾವು ನಂಬಿಕೊಂಡಿರುವುದೇ ಈ ಸುಳ್ಳಿನ ಬೇರು. ಜಪಾನಿನ ಫುಕುಶಿಮಾದಲ್ಲಿ 2011ರಲ್ಲಿ ವಿಕಿರಣಕ್ಕೆ ಹೆದರಿ ಆಸ್ಪತ್ರೆ, ವೃದ್ಧಾಶ್ರಮಗಳನ್ನು ಅವಸರದಲ್ಲಿ ಖಾಲಿ ಮಾಡಿಸಿದಾಗ ಹಾಸಿಗೆ ಹಿಡಿದ ಹಿರಿಯರು ದಾರಿಯಲ್ಲೂ ತಂಗಿದ ಜಾಗಗಳಲ್ಲೂ ಸತ್ತರು. ಅಲೆದಾಟ, ಚಿಕಿತ್ಸೆ ತಪ್ಪಿದ್ದು ಮುಂತಾದ ಕಾರಣಗಳಿಂದ ಆದ, ವಿಪತ್ತಿಗೆ ಸಂಬಂಧಿಸಿದ ಸಾವುಗಳೆಂದು ಆ ಪ್ರಾಂತ್ಯದಲ್ಲಿ ಲೆಕ್ಕಕ್ಕೆ ಬಂದವು 2,000ಕ್ಕೂ ಹೆಚ್ಚು. ಎತ್ತಿ ಒಯ್ಯುವುದೂ ಒಂದು ಚಿಕಿತ್ಸೆ, ಅದಕ್ಕೂ ಅಡ್ಡಪರಿಣಾಮವಿದೆ. ಗುಳಿಗೆಯ ಅಡ್ಡಪರಿಣಾಮವನ್ನು ರೋಗಿಗೆ ಹೇಳಬೇಕೆಂದು ಕಲಿತ ನಾವು ಇದನ್ನು ಹೇಳುವುದಿಲ್ಲ.

ಇನ್ನೊಂದು ತುದಿಯ ಸುಳ್ಳೂ ಇದೆ. ಇಟಲಿಯ ಲಾಕ್ವಿಲಾದಲ್ಲಿ 2009ರ ಏಪ್ರಿಲ್ 6ರ ಭೂಕಂಪದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗುತ್ತಿದ್ದವು, ಅಪಾಯವೇನಿಲ್ಲ ಎಂಬ ಭರವಸೆಯ ಮಾತು ಅಧಿಕಾರಿಯೊಬ್ಬರ ಬಾಯಿಂದ ಬಂದಿತ್ತು. ನಡುಗಿದಾಗ ಹೊರಗೆ ಮಲಗುವ ರೂಢಿ ಇದ್ದ ಜನರಲ್ಲಿ ಕೆಲವರು ಆ ರಾತ್ರಿ ಒಳಗೇ ಉಳಿದರು. 2012ರಲ್ಲಿ ಏಳು ಜನರಿಗೆ ಶಿಕ್ಷೆಯಾಯಿತು, 2014ರಲ್ಲಿ ಮೇಲಿನ ನ್ಯಾಯಾಲಯ ಅವರಲ್ಲಿ ಆರು ವಿಜ್ಞಾನಿಗಳನ್ನು ಬಿಟ್ಟಿತು. ಅಲ್ಲಿ ಹೆದರಬೇಡಿ ಎಂದರು, ನಾನು ಹೆದರಿ ಎಂದೆ. ಎರಡೂ ಕಡೆ ಜನರಿಗೆ ಎಷ್ಟು ಹೆದರಿಕೆ ಇರಬೇಕೆಂದು ಮೊದಲು ನಿಶ್ಚಯಿಸಿ, ಆಮೇಲೆ ಅದಕ್ಕೆ ತಕ್ಕ ಮಾತು ಹುಡುಕಲಾಯಿತು. ನಮ್ಮ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ, ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಎಬ್ಬಿಸಿದವರಿಗೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಎನ್ನುತ್ತದೆ. ವಕೀಲ ಗೆಳೆಯನೊಬ್ಬನನ್ನು ನಾನೂ ಅದರಲ್ಲಿ ಬರುತ್ತೇನೆಯೇ ಎಂದು ಕೇಳಿದೆ. ನಿನ್ನ ಮೇಲೆ ಕೇಸು ಹಾಕುವವರು ಯಾರು, ಎಲ್ಲರನ್ನೂ ಉಳಿಸೀಯಲ್ಲ ಎಂದು ನಕ್ಕ.

ತರಗತಿಯಲ್ಲೂ ಇದೇ ಎದುರುಮಾತು ಬರುತ್ತದೆ. ಸರ್, ದಾರಿಯ ತಗ್ಗಿನ ಖರೇ ಸಂಗತಿ ಕೈಯಲ್ಲಿತ್ತು, ಅದೇ ಸಾಕಾಗುತ್ತಿತ್ತು, ಅದಕ್ಕೆ ನಿಮಗೆ ಈಗ ಸುಲಭ. ಖರೇ ಸಾಕಾಗದ ಕಡೆ? ಬ್ರಹ್ಮನಾಳದಂಥ ಕಡೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. 2021ರಲ್ಲಿ ನಾನು ಎಲ್ಲವನ್ನೂ ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳಿದೆ. ಕಾಕಾ ಮೊದಲು ದನ ಸಾಗಿಸಿದರು, ಆಮೇಲೆ ಮನೆಮಂದಿ ಬಂದರು. ಒಂದು ಮನೆ ಮಾತ್ರ ಕದಲಲಿಲ್ಲ. ಆ ಸಲ ನೀರು ಕಟ್ಟೆಯವರೆಗೆ ಬರಲಿಲ್ಲ, ಅವರಿಗೇನೂ ಆಗಲಿಲ್ಲ. ಬಂದಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿದ್ದೆನೋ ಇಲ್ಲವೋ.

ಆ ಕದಲದ ಮನೆಯ ಬಗ್ಗೆ ರಾಯಬಾಗದ ವಿದ್ಯಾರ್ಥಿನಿಯೊಬ್ಬಳು ಕೇಳಿದ ಮಾತು ನನಗೆ ಹೊಳೆದಿರಲಿಲ್ಲ. "ಬರಂಗಿಲ್ಲ ಅಂತ ಯಾರು ಅಂದ್ರು ಸರ್?" ಮನೆಯ ಯಜಮಾನ. "ಸೊಸೀನ ಕೇಳಿದ್ರಾ?" ಕೇಳಿರಲಿಲ್ಲ. ಆ ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಳು, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಕಟ್ಟೆಯ ಮೇಲೆ ಗಂಡಸರಿಗೆ ಖರೇ ಹೇಳಿ ನನ್ನ ಕೆಲಸ ಮುಗಿಯಿತೆಂದು ಬಂದಿದ್ದೆ. ಒಬ್ಬನ ಬೇಡವನ್ನು ಗೌರವಿಸಿ, ಆ ಬೇಡದ ಕೆಳಗಿದ್ದ ಇನ್ನೂ ನಾಲ್ವರನ್ನು ಕೇಳದೆಯೇ ಬಿಟ್ಟಿದ್ದೆ. ಖರೇ ಯಾರಿಗೆ ಹೇಳಬೇಕು ಎಂಬುದೂ ಕಲಿಸಬೇಕಾದ ವಿಷಯವೆಂದು ಅಂದಿನಿಂದ ಪಾಠದಲ್ಲಿ ಸೇರಿಸಿದೆ. ಅಡುಗೆಮನೆಯ ಬಾಗಿಲಿಗೆ ಹೋಗಿ ಹೇಳಲು ಹೆಣ್ಣುಮಕ್ಕಳೇ ಬೇಕು, ಆಶಾ, ಅಂಗನವಾಡಿಯವರು ಬೇಕು, ಕಾಗವಾಡ, ನಿಪ್ಪಾಣಿಯ ಎಷ್ಟೋ ಊರಲ್ಲಿ ಮರಾಠಿಯೂ ಬೇಕು.

ಈಗ ಆ ಅಧ್ಯಾಯಕ್ಕೆ ಪ್ರಬಂಧ ಬರೆಸುವುದನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿಗಳನ್ನು ಕಲ್ಲೋಳದ ಸೇತುವೆಗೆ ಕರೆದುಕೊಂಡು ಹೋಗಿ, ಆ ದಿನದ ಕ್ಯೂಸೆಕ್ ಲೆಕ್ಕ ಕೊಟ್ಟು, ಡಂಗುರದವನು ಒಂದೇ ಉಸಿರಿಗೆ ಕೂಗಬಹುದಾದಷ್ಟು ಎಚ್ಚರಿಕೆ ಬರೆಯಿರಿ ಎನ್ನುತ್ತೇನೆ. ಗೊತ್ತಿರುವುದು, ಗೊತ್ತಿಲ್ಲದ್ದು, ಯಾವ ದಾರಿ ಯಾವಾಗ ಮುಚ್ಚಬಹುದು, ಏನು ತರಬೇಕು. ವಿವರಣೆ ಬರೆದು ಬೆಳೆದ ಹುಡುಗರು ಇದಕ್ಕೆ ಬೆವರುತ್ತಾರೆ. ಅಥಣಿಯ ಆ ಹುಡುಗ ಮೂರು ಸಲ ಹೊಡೆದು ಹಾಕಿ ಬರೆದ: "ಇವತ್ತ ರಾತ್ರಿ ನೀರ ಬರತೈತೋ ಇಲ್ಲೋ ನಮಗ ಗೊತ್ತಿಲ್ಲ. ದಾರಿ ಮಾತ್ರ ಮುಂಜಾನಿಗೆ ಮುಚ್ಚಬಹುದು. ಗುಳಿಗಿ, ಕಾಗದ, ದನಾ ತಗೊಂಡ ಕತ್ತಲಾಗೂದ್ರೊಳಗ ಬರ್ರಿ." ಹತ್ತಕ್ಕೆ ಏಳು ಕೊಟ್ಟೆ. ದನಗಳನ್ನು ಎಲ್ಲಿಗೆ ತರಬೇಕೆಂದು ಅವನು ಬರೆದಿರಲಿಲ್ಲ.